ಕೆಂಪು ಗಾರೆ ನೆಲ ಮಂಕಾಗಿದೆಯೇ? ಟೈಲ್ಸ್ ಹಾಕಿಸುವ ಮೊದಲು ಇಷ್ಟು ಮಾಡಿ ನೋಡಿ

ಹಳೆಯ ಮನೆ ಕೊಂಡವರು, ತಾತನ ಕಾಲದ ಮನೆಯ ರಿಪೇರಿಗೆ ಇಳಿದವರು ತಪ್ಪದೆ ಕೇಳುವ ಪ್ರಶ್ನೆ ಇದು: “ರೆಡ್ ಆಕ್ಸೈಡ್ ನೆಲ ಬೆಳ್ಳಗೆ ಮಂಕಾಗಿದೆ, ಅಲ್ಲಲ್ಲಿ ಬಿರುಕು ಬಿಟ್ಟಿದೆ. ಮೇಲೆಯೇ ಟೈಲ್ಸ್ ಹಾಕಿಬಿಡೋಣ ಅಂತಾರೆ ಮೇಸ್ತ್ರಿ. ಹಾಕಿಸಿಬಿಡೋದಾ?”

ಅವಸರ ಬೇಡ. ಮಂಕಾದ ಕೆಂಪು ನೆಲ ಬಹುಪಾಲು ಸಲ ಹಾಳಾದ ನೆಲವಲ್ಲ. ಅದರ ಮೇಲೆ ವರ್ಷಗಟ್ಟಲೆ ಕೂತ ಹಳೆ ಮೇಣ, ಎಣ್ಣೆ, ಫಿನಾಯಿಲ್ ಜಿಡ್ಡು ಮತ್ತು ಧೂಳು ಸೇರಿ ಒಂದು ಪದರ ಕಟ್ಟಿರುತ್ತದೆ. ಅದನ್ನು ತೆಗೆದು, ಒಣಗಿಸಿ, ತೆಳ್ಳಗೆ ಮೇಣ ಹಚ್ಚಿದರೆ ಬಸವನಗುಡಿಯ ಹಳೆ ಮನೆಯ ಹಜಾರವಾಗಲಿ, ಮಲೆನಾಡಿನ ತೊಟ್ಟಿಮನೆಯ ಜಗಲಿಯಾಗಲಿ ಮತ್ತೆ ಮುಖ ಕಾಣುವಷ್ಟು ಹೊಳೆಯುತ್ತದೆ. ಬಿರುಕು ತುಂಬುವ ಕೆಲಸ ಇಲ್ಲದಿದ್ದರೆ ಒಂದು ಕೋಣೆಗೆ ಎರಡು ದಿನದ ದುಡಿಮೆ, ಒಂದು ವಾರದ ಕಾಯುವಿಕೆ, ಅಷ್ಟೇ. ಟೈಲ್ಸ್ ಹಾಕಿದರೆ ನೆಲದ ಮಟ್ಟ ಸುಮಾರು ಒಂದು ಇಂಚು ಏರುತ್ತದೆ, ಬಾಗಿಲುಗಳ ಬುಡ ಕೊಯ್ಯಬೇಕಾಗುತ್ತದೆ, ಹೊಸ್ತಿಲು ಹೂತುಹೋಗುತ್ತದೆ. ಟೈಲ್ಸ್ ಹಿಡಿಯಲೆಂದು ಹಳೆ ನೆಲವನ್ನು ಉಳಿಯಿಂದ ಕಚ್ಚು ಮಾಡಿಬಿಟ್ಟರೆ ಅದನ್ನು ಮತ್ತೆ ಪಡೆಯುವ ದಾರಿಯೇ ಇಲ್ಲ.

ಈ ನೆಲ ಹೇಗೆ ಆಗಿರುತ್ತದೆ

ಕೆಲಸಕ್ಕೆ ಇಳಿಯುವ ಮುಂಚೆ ಇದೊಂದು ತಿಳಿದಿರಲಿ. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಅಡಿಯಲ್ಲಿ ಜಲ್ಲಿ ಕಾಂಕ್ರೀಟು, ಅದರ ಮೇಲೆ ಒಂದು ಇಂಚಿನ ಆಸುಪಾಸು ಸಿಮೆಂಟ್ ಅಥವಾ ಸುಣ್ಣದ ಗಾರೆ. ಅದು ಹಸಿಯಿರುವಾಗಲೇ ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ, ಅಂದರೆ ಕಬ್ಬಿಣದ ಆಕ್ಸೈಡ್, ಕಲಸಿ ತೆಳುವಾಗಿ ಹರಡಿ, ಕರಣೆಯಿಂದ ಗಂಟೆಗಟ್ಟಲೆ ಒತ್ತಿ ಒತ್ತಿ ತಿಕ್ಕಿರುತ್ತಾರೆ. ಬಣ್ಣದ ಈ ಪದರ ಇರುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಹೊಳಪು ಹುಟ್ಟಿದ್ದು ಆ ಕರಣೆಯ ಒತ್ತಡದಿಂದ. ಅದನ್ನು ಅಷ್ಟು ವರ್ಷ ಕಾಪಾಡಿದ್ದು ಮೇಣ, ಎಣ್ಣೆ ಮತ್ತು ದಿನವೂ ಓಡಾಡಿದ ಬರಿಗಾಲು.

ಇದರಿಂದ ಎರಡು ಮಾತು ಖಚಿತ. ಒಂದು, ಮೊಸಾಯಿಕ್ ನೆಲದಂತೆ ಇದನ್ನು ಯಂತ್ರದ ಕಲ್ಲಿನಿಂದ ಉಜ್ಜಿಸಬಾರದು. ಮೊಸಾಯಿಕ್‌ನಲ್ಲಿ ಕಲ್ಲಿನ ಚೂರು ಆಳದವರೆಗೂ ಇರುತ್ತದೆ. ಇಲ್ಲಿ ಎರಡು ಸುತ್ತು ಒರಟು ಕಲ್ಲು ತಿರುಗಿದರೆ ಅಡಿಯ ಬೂದು ಸಿಮೆಂಟು ಮೇಲೆ ಬರುತ್ತದೆ. ಎರಡು, ಇದು ಸಿಮೆಂಟು, ಅಂದರೆ ಸುಣ್ಣದ ಗುಣದ ವಸ್ತು. ಹುಳಿ ಯಾವುದೇ ಇರಲಿ, ಅದನ್ನು ತಿನ್ನುತ್ತದೆ. ಆಸಿಡ್, ವಿನೆಗರ್, ನಿಂಬೆ, ಹುಣಸೆಹಣ್ಣು, ಟಾಯ್ಲೆಟ್ ತೊಳೆಯುವ ದ್ರವ ಎಲ್ಲವೂ ಆ ಲೆಕ್ಕಕ್ಕೇ ಬಂದವು. ಆಸಿಡ್ ಹಾಕಿ ತೊಳೆದರೆ ಕೊಳೆ ನೊರೆನೊರೆಯಾಗಿ ಎದ್ದು ಬಂದಂತೆ ಕಾಣುತ್ತದೆ. ಎದ್ದು ಬರುತ್ತಿರುವುದು ಕೊಳೆಯಲ್ಲ, ನೆಲ.

ಮೊದಲು ನಾಲ್ಕು ಪರೀಕ್ಷೆ

ಇವಕ್ಕೆ ಖರ್ಚಿಲ್ಲ. ಆದರೆ ಇವನ್ನು ಬಿಟ್ಟು ನೇರ ಪಾಲಿಶ್ ಡಬ್ಬಿ ತೆರೆದವರೇ ಮುಂದೆ ಪರದಾಡುವುದು.

ನಾಣ್ಯದ ಪರೀಕ್ಷೆ. ಐದು ರೂಪಾಯಿ ನಾಣ್ಯದಿಂದಲೋ ಮರದ ಸೌಟಿನ ಹಿಡಿಯಿಂದಲೋ ನೆಲವನ್ನು ಅಡಿಗೊಂದರಂತೆ ತಟ್ಟುತ್ತ ಹೋಗಿ. ಟಕ್ ಟಕ್ ಎಂಬ ಗಟ್ಟಿ ಸದ್ದು ಬಂದರೆ ಸರಿ. ಡಬಡಬ ಎಂದರೆ ಅಲ್ಲಿ ಮೇಲಿನ ಗಾರೆ ಅಡಿಯಿಂದ ಬಿಟ್ಟುಕೊಂಡು ಪೊಳ್ಳಾಗಿದೆ. ಆ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಅಂಗೈಯಗಲದ ಪೊಳ್ಳು ಅಲ್ಲೊಂದು ಇಲ್ಲೊಂದು ಇದ್ದರೆ, ಮೇಲೆ ಭಾರದ ಬೀರು ಇಡದೆ ಹಾಗೇ ಬಿಡಬಹುದು. ಕೋಣೆಯ ಮೂರರಲ್ಲಿ ಒಂದು ಪಾಲು ಪೊಳ್ಳಾಗಿದ್ದರೆ ಮಾತ್ರ ಅನುಭವಿ ಮೇಸ್ತ್ರಿಗೆ ತೋರಿಸಿ.

ನೀರಿನ ಹನಿ. ಒಂದು ಚಮಚ ನೀರು ನೆಲದ ಮೇಲೆ ಬಿಡಿ. ಮುತ್ತಿನಂತೆ ಗುಂಡಗೆ ನಿಂತರೆ ಮೇಣ ಇನ್ನೂ ಇದೆ. ಒಂದು ನಿಮಿಷದೊಳಗೆ ಹೀರಿಕೊಂಡು ಕಪ್ಪಗಾದರೆ ರಕ್ಷಣೆ ಪೂರ್ತಿ ಹೋಗಿದೆ, ಎಣ್ಣೆ ಮತ್ತು ಮೇಣ ಎರಡೂ ಬೇಕು.

ಬಿಳಿ ಬಟ್ಟೆ. ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆ ಉಜ್ಜಿ. ಬಟ್ಟೆಗೆ ಕೆಂಪು ಪುಡಿ ಹತ್ತಿದರೆ ಮೇಲ್ಪದರ ಸಡಿಲವಾಗಿದೆ. ಹಾಕಿದಾಗ ಸರಿಯಾಗಿ ನೀರುಣಿಸದ ನೆಲದಲ್ಲಿ ಹೀಗಾಗುತ್ತದೆ. ಈಗ ಬೇರೊಂದು ಬಟ್ಟೆಗೆ ಟರ್ಪೆಂಟೈನ್ ಹಾಕಿ ಉಜ್ಜಿ. ಕಂದುಗೆಂಪು ಜಿಡ್ಡು ಬಂದರೆ ಅದು ಹಳೆಯ ಬಣ್ಣದ ಮೇಣ. ಮಕ್ಕಳ ಅಂಗಾಲು ಕೆಂಪಾಗುತ್ತಿದ್ದರೆ ಕಾರಣ ಈ ಎರಡರಲ್ಲಿ ಯಾವುದು ಎಂದು ಇದರಿಂದ ಗೊತ್ತಾಗುತ್ತದೆ.

ಪ್ಲಾಸ್ಟಿಕ್ ಹಾಳೆ. ಇದು ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಭೂಮಿಯಿಂದ ಏರುತ್ತಿದೆ. ಹಾಳೆಯ ಮೇಲೆ ಹನಿ ನಿಂತಿದ್ದರೆ ಅದು ಗಾಳಿಯ ತೇವ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ನೆಲ ಬೆವರುವುದು ಹೆಚ್ಚಾಗಿ ಇದೇ. ಫ್ಯಾನು ಹಾಕಿ ಗಾಳಿಯಾಡಿಸಿದರೆ ಕಡಿಮೆಯಾಗುತ್ತದೆ.

ಭೂಮಿಯಿಂದ ಏರುವ ತೇವ ಇದ್ದರೆ ಈ ಕೆಲಸವನ್ನು ಬೇಸಿಗೆಗೆ ಮುಂದೂಡಿ. ಅಷ್ಟರಲ್ಲಿ ಹೊರಗೋಡೆಯ ಬುಡದಲ್ಲಿ ನೀರು ನಿಲ್ಲುತ್ತಿದೆಯೇ, ಬಚ್ಚಲಿನ ಪೈಪು ಸೋರುತ್ತಿದೆಯೇ ನೋಡಿಕೊಳ್ಳಿ. ತೇವದ ಮೇಲೆ ಮೇಣ ಹಚ್ಚಿದರೆ ಒಳಗಿನ ಉಪ್ಪು ಅದನ್ನು ಎತ್ತಿಕೊಂಡು ಬಿಳಿ ಹೂವಿನಂತೆ ಅರಳುತ್ತದೆ.

ಏನೇನು ಬೇಕು

ಹತ್ತು ಹನ್ನೆರಡರ ಒಂದು ಕೋಣೆ, ಅಂದರೆ 120 ಚದರಡಿಗೆ ಈ ಲೆಕ್ಕ:

ಟರ್ಪೆಂಟೈನ್ ಒಂದೂವರೆ ಲೀಟರ್. ಪಾತ್ರೆ ತೊಳೆಯುವ ಸೌಮ್ಯ ದ್ರವ, ನಿಂಬೆಹುಳಿ ಇಲ್ಲದ್ದು. ವಾಷಿಂಗ್ ಸೋಡಾ 100 ಗ್ರಾಂ. ಕಾಯಿಸಿದ ಅಗಸೆ ಎಣ್ಣೆ ಕಾಲು ಲೀಟರ್. ಪೇಂಟ್ ಅಂಗಡಿಯಲ್ಲಿ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ಎಂದು ಕೇಳಿ. ಅಡುಗೆಯ ಅಗಸೆ ಎಣ್ಣೆ ಬೇಡ, ಅದು ಒಣಗಲು ವಾರಗಳು ಹಿಡಿಯುತ್ತದೆ. ನೆಲದ ಮೇಣದ ಪಾಲಿಶ್ 400 ಗ್ರಾಂ. ಹಳೇ ಬನಿಯನ್ನು, ಪಂಚೆಯಂಥ ಹತ್ತಿ ಬಟ್ಟೆ ಧಾರಾಳವಾಗಿ. ಬಿಳಿ ಅಥವಾ ಕೆಂಪು ನೈಲಾನ್ ಸ್ಕ್ರಬ್. ಹಸಿರು ಸ್ಕ್ರಬ್ ಒರಟು, ಗೀರು ಬೀಳುತ್ತದೆ. ಸ್ಟೀಲ್ ಜುಂಗಿನ ಮಾತೇ ಬೇಡ: ಅದರ ಎಳೆ ನೆಲದ ಸೂಕ್ಷ್ಮ ರಂಧ್ರದಲ್ಲಿ ಸಿಕ್ಕಿ ತುಕ್ಕು ಹಿಡಿದು ಕಲೆಯಾಗುತ್ತದೆ.

ಮೇಣ ಮನೆಯಲ್ಲೇ ಮಾಡಿಕೊಳ್ಳಬಹುದು. 100 ಗ್ರಾಂ ಶುದ್ಧ ಜೇನುಮೇಣ ತುರಿದು, ಸ್ಟೀಲ್ ಪಾತ್ರೆಗೆ ಹಾಕಿ, ಅದನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗೆ ಇಡಿ. ಜೇನುಮೇಣ ಸುಮಾರು 63 ಡಿಗ್ರಿಗೆ ಕರಗುತ್ತದೆ, ನೀರು ಕುದಿಯುವುದೂ ಬೇಕಿಲ್ಲ. ಕರಗಿದ ಮೇಲೆ ಒಲೆ ಆರಿಸಿ, ಪಾತ್ರೆಯನ್ನು ಅಂಗಳಕ್ಕೆ ತಂದು, ಅಲ್ಲಿ 300 ಮಿಲಿ ಟರ್ಪೆಂಟೈನ್ ನಿಧಾನವಾಗಿ ಸುರಿದು ಕಲಸಿ. ಟರ್ಪೆಂಟೈನ್ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ಒಲೆಯ ಹತ್ತಿರ ಎಂದೂ ಬೆರೆಸಬೇಡಿ. ತಣಿದಾಗ ಬೆಣ್ಣೆಯ ಹದಕ್ಕೆ ಬರುತ್ತದೆ. ನೆಲದ ಬಣ್ಣ ಸವೆದಿದ್ದರೆ ಇದಕ್ಕೆ ಒಂದು ಚಮಚ ರೆಡ್ ಆಕ್ಸೈಡ್ ಪುಡಿ ಸೇರಿಸಿ. ಅದಕ್ಕಿಂತ ಹೆಚ್ಚಾದರೆ ಬಿಳಿ ಪಂಚೆ, ಸೀರೆಯಂಚು ಎಲ್ಲ ಕೆಂಪು.

ಈಗ ಕೆಲಸ

1. ಕೋಣೆ ಖಾಲಿ ಮಾಡಿ. ಅರ್ಧ ಕೋಣೆಯಲ್ಲಿ ಸಾಮಾನು ಇಟ್ಟುಕೊಂಡು ಇನ್ನರ್ಧ ಮಾಡುತ್ತೇನೆಂದರೆ ನಡುವೆ ಗೆರೆ ಉಳಿದುಬಿಡುತ್ತದೆ. ಹುಲ್ಲಿನ ಪೊರಕೆಯಿಂದ ಎರಡು ಸಲ ಗುಡಿಸಿ. ತೆಂಗಿನ ಕಡ್ಡಿ ಪೊರಕೆ ಅಂಗಳಕ್ಕೆ ಸರಿ, ಈ ನೆಲಕ್ಕಲ್ಲ. ಮೂಲೆಯಲ್ಲಿ ಒಂದು ಹರಳು ಮರಳು ಉಳಿದರೂ ಮುಂದೆ ಉಜ್ಜುವಾಗ ಅದೇ ಗೀರು ಹಾಕುತ್ತದೆ.

2. ಹಳೆ ಮೇಣ ಬಿಡಿಸಿ. ಕಿಟಕಿ ಬಾಗಿಲು ತೆರೆಯಿರಿ. ಅಡುಗೆಮನೆಯ ಒಲೆ ಆರಿರಲಿ, ದೇವರ ದೀಪವೂ ಅಷ್ಟು ಹೊತ್ತು ಬೇಡ. ಬಾಗಿಲಿಗೆ ಎದುರಿನ ಮೂಲೆಯಿಂದ ಶುರುಮಾಡಿ, ಮೂರಡಿ ಚೌಕ ಒಂದೊಂದಾಗಿ ಹಿಡಿಯಿರಿ. ಬಟ್ಟೆಗೆ ಟರ್ಪೆಂಟೈನ್ ಹಾಕಿ ನೆಲ ಒದ್ದೆಮಾಡಿ, ಐದು ನಿಮಿಷ ಬಿಡಿ, ನೈಲಾನ್ ಸ್ಕ್ರಬ್‌ನಿಂದ ಸುತ್ತಿಸುತ್ತ ಉಜ್ಜಿ. ಕರಗಿದ ಮೇಣ ಒಣಗುವ ಮುಂಚೆ ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಹೆಚ್ಚಿನವರು ತಪ್ಪುವುದು ಈ ಕೊನೆಯ ಮಾತಿನಲ್ಲಿ. ಒಂದೇ ಬಟ್ಟೆಯಲ್ಲಿ ಇಡೀ ಕೋಣೆ ಒರೆಸಿದರೆ ಇಲ್ಲಿಯ ಮೇಣವನ್ನು ಅಲ್ಲಿಗೆ ಬಳಿದಂತಾಗುತ್ತದೆ, ಅಷ್ಟೇ. ಬಟ್ಟೆಯ ಮಗ್ಗುಲು ಬದಲಿಸುತ್ತಿರಿ. ಕಪ್ಪಾದದ್ದನ್ನು ಪಕ್ಕಕ್ಕಿಟ್ಟು ಹೊಸದು ತೆಗೆದುಕೊಳ್ಳಿ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ತೀರಾ ತೆಳು ಬಣ್ಣ ಮಾತ್ರ ಬರುವ ಹಂತಕ್ಕೆ ನಿಲ್ಲಿಸಿ.

3. ತೊಳೆಯಿರಿ. ಐದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ, ಒಂದು ಮುಚ್ಚಳ ಪಾತ್ರೆ ತೊಳೆಯುವ ದ್ರವ. ಸೋಡಾ ಜಿಡ್ಡನ್ನು ಬಿಡಿಸುತ್ತದೆ, ಸಿಮೆಂಟಿಗೆ ಹಗೆಯಲ್ಲ. ಬಕೆಟ್ಟುಗಟ್ಟಲೆ ನೀರು ಸುರಿಯಬೇಡಿ. ಬಿರುಕುಗಳ ಮೂಲಕ ನೀರು ಇಳಿದರೆ ಒಣಗುವುದಕ್ಕೆ ಎರಡರಷ್ಟು ದಿನ. ಹಿಂಡಿದ ಬಟ್ಟೆಯಿಂದ ಉಜ್ಜಿ, ಬರೀ ನೀರಿನಲ್ಲಿ ಎರಡು ಸಲ ಒರೆಸಿ ತೆಗೆಯಿರಿ. ಸೋಡಾ ಉಳಿದರೆ ಒಣಗಿದಾಗ ಬಿಳಿ ಪುಡಿ ಏಳುತ್ತದೆ. ಅದನ್ನು ನೆಲದ ಉಪ್ಪು ಎಂದು ತಿಳಿದು ಗಾಬರಿಪಡುವವರಿದ್ದಾರೆ. ಇನ್ನೊಮ್ಮೆ ಒರೆಸಿದರೆ ಹೋಗುತ್ತದೆ.

4. ಕಲೆಗಳನ್ನು ಒಂದೊಂದಾಗಿ ನೋಡಿ. ಪ್ರತಿ ಕಲೆಗೂ ಅದರದೇ ಮದ್ದು.

ಎಣ್ಣೆ ಕಲೆ, ದೇವರ ಕೋಣೆಯಲ್ಲಿ ದೀಪದ ಕೆಳಗಿನದು: ಮುಲ್ತಾನಿ ಮಿಟ್ಟಿ ಅಥವಾ ಸೀಮೆಸುಣ್ಣದ ಪುಡಿಯನ್ನು ಟರ್ಪೆಂಟೈನ್‌ನಲ್ಲಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಯ ಮೇಲೆ ಅರ್ಧ ಇಂಚು ದಪ್ಪ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಮರುದಿನ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುವಾಗಲೇ ಪುಡಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ಹಸಿಯಲ್ಲೇ ಕೆರೆದು ತೆಗೆದರೆ ಅರ್ಧ ಕೆಲಸ. ಹಳೆಯ ಕಲೆಗೆ ಎರಡು ಮೂರು ಸಲ ಬೇಕಾದೀತು.

ಅರಿಶಿನ: ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದನ್ನು ಆರತಿ ತಟ್ಟೆಯಲ್ಲಿ ನೋಡಿದ್ದೀರಿ. ಸಿಮೆಂಟಿನ ಮೇಲೂ ಅದೇ ನಡೆಯುತ್ತದೆ, ಹಾಗಾಗಿ ಕೆಂಪು ನೆಲದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹಳದಿ ಅಥವಾ ಹಸಿರು ಆಕ್ಸೈಡಿನ ಅಂಚಿದ್ದರೆ ಕಾಣುತ್ತದೆ. ಸೋಪಿನಲ್ಲಿ ಒರೆಸಿ, ಬಿಸಿಲು ಬೀಳುವ ಜಾಗವಾದರೆ ಸುಮ್ಮನೆ ಬಿಡಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ಪೇಂಟಿನ ಹನಿ: ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ಎಬ್ಬಿಸಿ, ಎಣ್ಣೆ ಪೇಂಟಾದರೆ ಟರ್ಪೆಂಟೈನ್ ಹಚ್ಚಿ ಉಜ್ಜಿ. ಬ್ಲೇಡು ಬೇಡ. ರಂಗೋಲಿ ಸ್ಟಿಕರಿನ ಅಂಟಿಗೂ ಇದೇ.

ಬೆಳ್ಳಗಿನ, ಕೈಗೆ ಸ್ವಲ್ಪ ಒರಟಾಗಿ ತಗಲುವ ಗುರುತು: ಇದು ಕಲೆಯೇ ಅಲ್ಲ. ನಿಂಬೆರಸ ಚೆಲ್ಲಿದ ಜಾಗ, ನೆಲದ ಮೇಲೆ ಕೂತು ಹುಣಸೆಹಣ್ಣಿನಲ್ಲಿ ಹಿತ್ತಾಳೆ ತಿಕ್ಕಿದ ಜಾಗ. ಅಲ್ಲಿ ಹುಳಿ ಮೇಲ್ಮೈಯನ್ನು ತಿಂದಿದೆ, ಎಷ್ಟು ಉಜ್ಜಿದರೂ ಹೋಗದು, ಉಜ್ಜಿದಷ್ಟೂ ದೊಡ್ಡದಾಗುತ್ತದೆ. ಬಣ್ಣ ಬೆರೆಸಿದ ಮೇಣವನ್ನು ಅಲ್ಲಿ ಮಾತ್ರ ಎರಡು ಮೂರು ಸಲ ತೆಳ್ಳಗೆ ತುಂಬಿದರೆ ಸುತ್ತಲಿನ ನೆಲಕ್ಕೆ ಹೊಂದಿಕೊಳ್ಳುತ್ತದೆ.

5. ಬಿರುಕು ಮುಚ್ಚಿ. ಕೂದಲೆಳೆಯ ಬಿರುಕುಗಳನ್ನು ಮುಟ್ಟಬೇಡಿ, ಮೇಣವೇ ಅವನ್ನು ತುಂಬುತ್ತದೆ. ಹಳೆಯ ನೆಲದ ಮೇಲಿನ ಅಂಥ ಎಳೆಗಳು ಅದರ ಚೆಲುವಿನ ಭಾಗ. ಅವುಗಳ ಹಿಂದೆ ಬೀಳಬೇಡಿ. ಒಂದು ಮಿಲಿಮೀಟರಿಗಿಂತ ಅಗಲವಾದ, ಉಗುರು ಸಿಕ್ಕಿಕೊಳ್ಳುವ ಬಿರುಕಿಗೆ ಮಾತ್ರ ಗಾರೆ ತುಂಬಬೇಕು.

ಬಿರುಕಿನ ಬಾಯನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ನಾಲ್ಕೈದು ಮಿಲಿಮೀಟರ್ ಅಗಲ, ಅಷ್ಟೇ ಆಳಕ್ಕೆ ಬಿಡಿಸಿ. ಬಿಡಿಸದೆ ಮೇಲೆ ಬಳಿದ ಸಿಮೆಂಟು ಆರು ತಿಂಗಳಲ್ಲಿ ಸಿಪ್ಪೆ ಎದ್ದು ಬರುತ್ತದೆ. ಧೂಳನ್ನು ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ತೆಗೆದು, ಒಳಗೆ ನೀರು ಸವರಿ, ನಿಂತ ನೀರನ್ನು ಒತ್ತಿ ತೆಗೆಯಿರಿ.

ಇನ್ನು ಬಣ್ಣ ಹೊಂದಿಸುವುದು. ಇಡೀ ಕೆಲಸದಲ್ಲಿ ಕಷ್ಟದ ಹೆಜ್ಜೆ ಇದು, ಅವಸರ ಮಾಡಬಾರದ್ದೂ ಇದೇ. ಬೂದು ಸಿಮೆಂಟು 10 ಚಮಚಕ್ಕೆ ರೆಡ್ ಆಕ್ಸೈಡ್ ಒಂದು ಚಮಚ, ಎರಡು ಚಮಚ, ಮೂರು ಚಮಚ ಹೀಗೆ ಮೂರು ಮಾದರಿ ಕಲಸಿ, ಹಳೆ ಟೈಲ್ ತುಂಡಿನ ಮೇಲೆ ಬಳಿದು ಒಂದು ವಾರ ಒಣಗಲು ಬಿಡಿ. ಹಸಿಯಲ್ಲಿ ಗಾಢವಾಗಿ ಕಾಣುವ ಬಣ್ಣ ಒಣಗಿದಾಗ ಬಹಳ ತಿಳಿಯಾಗುತ್ತದೆ; ಹಸಿ ನೋಡಿ ಹೊಂದಿಸಿದವರ ನೆಲದಲ್ಲಿ ತೇಪೆ ಎದ್ದು ಕಾಣುವುದು ಇದರಿಂದಲೇ. ಒಣಗಿದ ಮಾದರಿಗೆ ಒಂದು ಹನಿ ಎಣ್ಣೆ ಸವರಿ ನೆಲದ ಪಕ್ಕ ಇಟ್ಟು, ಹಗಲು ಬೆಳಕಿನಲ್ಲಿ ಹೋಲಿಸಿ. ಹಳೆ ನೆಲ ಹೊಸ ಆಕ್ಸೈಡಿಗಿಂತ ಸ್ವಲ್ಪ ಕಪ್ಪಿರುತ್ತದೆ, ಚಿಟಿಕೆ ಕಪ್ಪು ಆಕ್ಸೈಡ್ ಸೇರಿಸಬೇಕಾಗಬಹುದು. ಬಣ್ಣದ ಪುಡಿ ಮೂರು ಚಮಚ ದಾಟಬಾರದು. ಪುಡಿ ಹೆಚ್ಚಾದಷ್ಟೂ ಸಿಮೆಂಟಿನ ಹಿಡಿತ ಕಡಿಮೆ.

ಮಾದರಿ ಒಪ್ಪಿದ ಮೇಲೆ, ಒಂದು ಪಾಲು ಲೇಟೆಕ್ಸ್ ದ್ರವಕ್ಕೆ ಎರಡು ಪಾಲು ನೀರು ಸೇರಿಸಿ ಅದರಲ್ಲಿ ಗಾರೆ ಕಲಸಿ. ಹಳೆ ಸಿಮೆಂಟಿಗೆ ಹೊಸ ಸಿಮೆಂಟು ಅಂಟಿಕೊಳ್ಳಲು ಬಳಸುವ ಹಾಲಿನಂಥ ದ್ರವ ಇದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬಿರುಕಿಗೆ ಒತ್ತಿ ತುಂಬಿ, ಸಣ್ಣ ಕರಣೆಯಿಂದ ನೆಲದ ಮಟ್ಟಕ್ಕೆ ಸವರಿ, ಅರ್ಧ ಗಂಟೆ ಬಿಟ್ಟು ಸ್ವಲ್ಪ ಬಿಗಿದಾಗ ಸ್ಟೀಲ್ ಚಮಚದ ಬೆನ್ನಿನಿಂದ ತಿಕ್ಕಿ. ಚಮಚದ ಅಡಿಯಲ್ಲಿ ಗಾರೆ ನಿಧಾನಕ್ಕೆ ಮಿರುಗಲು ಶುರುವಾಗುತ್ತದೆ. ಮೇಸ್ತ್ರಿ ಕರಣೆಯಿಂದ ಇಡೀ ಕೋಣೆಗೆ ಮಾಡಿದ್ದನ್ನೇ ನೀವು ಒಂದು ಬಿರುಕಿಗೆ ಮಾಡುತ್ತಿದ್ದೀರಿ. ಅಕ್ಕಪಕ್ಕ ಚೆಲ್ಲಿದ ಬಣ್ಣವನ್ನು ಆಗಿಂದಾಗಲೇ ಒದ್ದೆ ಬಟ್ಟೆಯಿಂದ ಒರೆಸಿ.

ಎರಡು ದಿನ ಒದ್ದೆ ಬಟ್ಟೆ ಹೊದಿಸಿ, ಆಮೇಲೆ ತಾನಾಗಿ ಒಣಗಲಿ. ಲೇಟೆಕ್ಸ್ ಇಲ್ಲದ ಬರೀ ಸಿಮೆಂಟಾದರೆ ಏಳು ದಿನ ನೀರುಣಿಸಬೇಕು. ತೇಪೆ ಹಾಕಿದ ಕೋಣೆಗೆ ಮೇಣ ಹಚ್ಚುವ ಮುಂಚೆ ಎರಡು ವಾರವಾದರೂ ಬಿಡಿ.

6. ಒಣಗಲು ಬಿಡಿ. ತೇಪೆ ಇಲ್ಲದ ನೆಲಕ್ಕೆ ಬೇಸಿಗೆಯಲ್ಲಿ ಎರಡು ದಿನ, ಬೇರೆ ಕಾಲದಲ್ಲಿ ನಾಲ್ಕೈದು ದಿನ, ಫ್ಯಾನು ಓಡುತ್ತಿರಲಿ. ಸಂಶಯ ಬಂದರೆ ಪ್ಲಾಸ್ಟಿಕ್ ಹಾಳೆ ಪರೀಕ್ಷೆ ಮತ್ತೊಮ್ಮೆ ಮಾಡಿ. ಬಿರುಕಿನ ಕೆಲಸವೂ ಇದ್ದು, ಯುಗಾದಿಗೋ ದೀಪಾವಳಿಗೋ ನೆಲ ಸಿದ್ಧವಾಗಬೇಕೆಂದರೆ ಒಂದು ತಿಂಗಳು ಮೊದಲೇ ಶುರುಮಾಡಿ. ಆಷಾಢದ ಮಳೆಯಲ್ಲಂತೂ ಕೈ ಹಾಕಬೇಡಿ.

ಬಿಳಿ ಬಟ್ಟೆಗೆ ಕೆಂಪು ಪುಡಿ ಹತ್ತಿದ ನೆಲವಾದರೆ, ಒಣಗಿದ ಮೇಲೆ, ಎಣ್ಣೆಗೆ ಮುಂಚೆ, ಲಿಥಿಯಂ ಸಿಲಿಕೇಟ್ ಹಾರ್ಡನರ್ ಹಚ್ಚಿ. ಇದು ನೀರಿನಂಥ ದ್ರವ. ಸಿಮೆಂಟಿನೊಳಗೆ ಬಿಡಿಯಾಗಿ ಉಳಿದ ಸುಣ್ಣದ ಜೊತೆ ಸೇರಿ ಮೇಲ್ಪದರವನ್ನು ಗಟ್ಟಿಮಾಡುತ್ತದೆ. ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲೇ ಬಳಸಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಎಣ್ಣೆ ಹಚ್ಚಿದ ಮೇಲೆ ಇದು ಒಳಗೆ ಇಳಿಯುವುದಿಲ್ಲ, ಹಾಗಾಗಿ ಕ್ರಮ ತಪ್ಪಬಾರದು.

7. ಎಣ್ಣೆ, ಬೇಕಾದರೆ ಮಾತ್ರ. ನೀರಿನ ಹನಿಯನ್ನು ಹೀರಿಕೊಂಡ ನೆಲಕ್ಕಷ್ಟೇ ಇದು. ಕಾಲು ಲೀಟರ್ ಅಗಸೆ ಎಣ್ಣೆಗೆ ಕಾಲು ಲೀಟರ್ ಟರ್ಪೆಂಟೈನ್ ಸೇರಿಸಿ. ಮೊದಲು ಬೀರುವಿನ ಹಿಂದಿನ ಮೂಲೆಯಲ್ಲಿ ಹಚ್ಚಿ ನೋಡಿ, ಬಣ್ಣ ಒಂದು ಮೆಟ್ಟಿಲು ಗಾಢವಾಗುತ್ತದೆ. ಒಪ್ಪಿಗೆಯಾದರೆ ಬಟ್ಟೆಯಿಂದ ತೆಳ್ಳಗೆ ಹಚ್ಚಿ, ಇಪ್ಪತ್ತು ನಿಮಿಷದಲ್ಲಿ ನೆಲ ಕುಡಿಯದೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ವಾರ ಕಳೆದರೂ ಅಂಟಂಟು. ಎರಡು ದಿನ ಕಾಲಿಡಬೇಡಿ.

ಎಚ್ಚರಿಕೆ: ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಗಳನ್ನು ಮುದುಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗೆ ಬಿಸಿ ಕೂಡಿಕೊಂಡು ಬೆಂಕಿ ತಾನಾಗಿಯೇ ಹತ್ತುತ್ತದೆ. ಬಟ್ಟೆಗಳನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಆಮೇಲೆ ಅಂಗಳದಲ್ಲಿ ಒಂದೊಂದಾಗಿ ಹರಡಿ ಒಣಗಿಸಿ ಎಸೆಯಿರಿ.

“ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರಲ್ಲ?” ಎಂದು ಬಹಳ ಮಂದಿ ಕೇಳುತ್ತಾರೆ. ಹಚ್ಚುತ್ತಿದ್ದದ್ದು ನಿಜ. ಆದರೆ ಕೆಲವೇ ಹನಿ, ಅದನ್ನೂ ತೆಂಗಿನ ಕತ್ತದ ಹೋಳಿನಿಂದ ತಾಸುಗಟ್ಟಲೆ ತಿಕ್ಕಿ ಒಣಗಿಸುತ್ತಿದ್ದರು. ಕೊಬ್ಬರಿ ಎಣ್ಣೆ ಅಗಸೆ ಎಣ್ಣೆಯಂತೆ ಗಟ್ಟಿಯಾಗುವ ಎಣ್ಣೆಯಲ್ಲ. ಲೋಟದಲ್ಲಿ ಸುರಿದು ಒರೆಸಿದರೆ ಹಾಗೇ ಉಳಿದು ಧೂಳು ಹಿಡಿದು, ಕಮಟು ವಾಸನೆ ಬಂದು, ಈಗ ನೀವು ಕಷ್ಟಪಟ್ಟು ಬಿಡಿಸಿದ ಕಪ್ಪು ಪದರವನ್ನೇ ಮತ್ತೆ ಕಟ್ಟುತ್ತದೆ.

8. ಮೇಣ ಹಚ್ಚಿ. ಕೈಹಿಡಿಯಷ್ಟು ಹತ್ತಿ ಬಟ್ಟೆಯೊಳಗೆ ಒಂದು ಚಮಚ ಮೇಣ ಇಟ್ಟು ಗಂಟು ಕಟ್ಟಿ. ಬಟ್ಟೆಯ ಮೂಲಕ ಒಸರಿದಷ್ಟೇ ನೆಲಕ್ಕೆ ಹತ್ತಲಿ. 120 ಚದರಡಿಗೆ ಒಂದು ಸಲಕ್ಕೆ 150 ಗ್ರಾಂ ಮೇಣ ಸಾಕು. ಅದಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದರೆ ದಪ್ಪವಾಗುತ್ತಿದೆ ಎಂದೇ ಅರ್ಥ. ದಪ್ಪ ಮೇಣ ಹೊಳೆಯುವುದಿಲ್ಲ, ಜಾರುತ್ತದೆ, ಹೆಜ್ಜೆಗುರುತು ಹಿಡಿಯುತ್ತದೆ.

ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಬೆರಳು ಸವರಿದರೆ ಅಂಟದೆ ಮಸುಕು ಗೆರೆ ಮೂಡಬೇಕು, ಅದೇ ಹದ. ಈಗ ಒಣ ಬಟ್ಟೆ ತೆಗೆದುಕೊಂಡು ಕೈಗೆ ನೋವು ಬರುವಷ್ಟು ತಿಕ್ಕಿ. ಮೊದಲು ಮಂಜು ಮುಸುಕಿದಂತಿದ್ದ ನೆಲ ಕೈಯಡಿಯಲ್ಲೇ ತಿಳಿಯಾಗುತ್ತ ಹೋಗಿ, ಕಿಟಕಿಯ ಸರಳುಗಳ ನೆರಳು ಅದರಲ್ಲಿ ಗೆರೆ ಗೆರೆಯಾಗಿ ಮೂಡುತ್ತದೆ. ಕೋಣೆಗಳು ಹೆಚ್ಚಿದ್ದರೆ ಪಾಲಿಶ್ ಯಂತ್ರ ಬಾಡಿಗೆಗೆ ತರಬಹುದು, ಮೆತ್ತನೆಯ ಬಿಳಿ ಪ್ಯಾಡ್ ಮಾತ್ರ ಹಾಕಿಸಿ. ಮರುದಿನ ಎರಡನೆಯ ಸಲ, ಇನ್ನೂ ತೆಳ್ಳಗೆ. ಮೂರನೆಯದು ಬೇಡ.

ವಯಸ್ಸಾದವರಿರುವ ಮನೆಯಲ್ಲಿ ಒಂದೇ ಸಲಕ್ಕೆ ನಿಲ್ಲಿಸಿ. ಬಚ್ಚಲಿನ ಒಳಗೆ, ಬಚ್ಚಲ ಬಾಗಿಲಿನ ಎದುರು, ಅಡುಗೆಮನೆಯ ಸಿಂಕಿನ ಮುಂದೆ ಎರಡಡಿ ಮೇಣ ಬೇಡವೇ ಬೇಡ. ಒದ್ದೆ ಕಾಲಿಗೆ ಮೇಣದ ನೆಲ ಅಪಾಯ.

ಎಪಾಕ್ಸಿ, ಪಿಯು ಕೋಟಿಂಗ್ ಮಾಡಿಸಬಹುದೇ?

ಎಪಾಕ್ಸಿ, ಪಿಯು (ಪಾಲಿಯುರೆಥೇನ್) ಎಂಬ ಪ್ಲಾಸ್ಟಿಕ್‌ನಂಥ ಲೇಪ ಬಳಿದರೆ ಗಾಜಿನಂಥ ಹೊಳಪು ಬರುತ್ತದೆ ಎಂಬುದು ನಿಜ. ನೆಲಮಹಡಿಯಲ್ಲಿ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಳೆ ಮನೆಗಳಲ್ಲಿ ನೆಲದಡಿಗೆ ಪ್ಲಾಸ್ಟಿಕ್ ತಡೆ ಇರುವುದಿಲ್ಲ, ಸ್ವಲ್ಪವಾದರೂ ತೇವ ಮೇಲೆ ಬರುತ್ತಲೇ ಇರುತ್ತದೆ. ಮೇಣದ ಮೂಲಕ ಅದು ಹೇಗೋ ಹಾದು ಹೋಗುತ್ತದೆ. ಕೋಟಿಂಗಿನಡಿ ಸಿಕ್ಕಿಬಿದ್ದು ಗುಳ್ಳೆ ಎಬ್ಬಿಸುತ್ತದೆ, ಕೆಲವೆಡೆ ಬಣ್ಣದ ಪದರವನ್ನೂ ಕಿತ್ತುಕೊಂಡು ಬರುತ್ತದೆ. ಗೀರು ಬಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಸರಿಮಾಡಲೂ ಬಾರದು. ಮಹಡಿಯ ಮೇಲಿನ ನೆಲಕ್ಕೆ, ತೇವ ಇಲ್ಲವೆಂದು ಖಾತ್ರಿಯಾದರೆ, ಹೊಳಪಿಲ್ಲದ ಪಿಯು ಆದೀತು.

ಈ ನೆಲಕ್ಕೆ ಒಪ್ಪುವ ಮನೆ

ಕೆಂಪು ನೆಲ ಇಡೀ ಕೋಣೆಯ ಬಣ್ಣವನ್ನು ಬದಲಿಸುತ್ತದೆ. ಅದರ ಮೇಲೆ ಬಿದ್ದ ಬೆಳಕು ಗೋಡೆಗೆ ಹೊರಳಿ, ಕೆಳಗಿನ ಮೂರಡಿ ಗೋಡೆ ಕೆಂಪೇರುತ್ತದೆ. ನೀಲಿ ಛಾಯೆಯ ಬಿಳಿ ಬಳಿಸಿದರೆ ಅದು ಗುಲಾಬಿಯಾಗಿ ಕಾಣುತ್ತದೆ. ಹಾಲುಬಿಳಿ, ಕೆನೆಬಿಳಿ ಆರಿಸಿ. ಹಳೆ ಗೋಡೆಗಾದರೆ ಸುಣ್ಣವೇ ಎಲ್ಲಕ್ಕಿಂತ ಚೆನ್ನ, ಗೋಡೆಯ ತೇವವನ್ನೂ ಹೊರಗೆ ಬಿಡುತ್ತದೆ. ನಾಲ್ಕೂ ಗೋಡೆಗೆ ಗಾಢ ಬಣ್ಣ ಬೇಡ. ಗೋಡೆಯ ಬುಡದ ಕೆಂಪು ಪಟ್ಟಿಗೆ ಎನಾಮಲ್ ಪೇಂಟ್ ಬಳಿಯಬೇಡಿ, ಅದಕ್ಕೂ ನೆಲಕ್ಕೆ ಮಾಡಿದ್ದೇ ಮಾಡಿ.

ಬಲ್ಬು ಕೊಳ್ಳುವಾಗ ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಇರುವುದನ್ನು ನೋಡಿ ತನ್ನಿ. 6500 ಕೆಲ್ವಿನ್‌ನ ನೀಲಿಬಿಳಿ ಬೆಳಕಿನಲ್ಲಿ ಇದೇ ನೆಲ ಸತ್ತ ಕಂದಾಗಿ ಕಾಣುತ್ತದೆ. ನೆಲ ಸರಿಯಾಗಿಲ್ಲವೆಂದು ದೂರುವವರು ಹಲವು ಸಲ ಬದಲಿಸಬೇಕಾದ್ದು ಬಲ್ಬನ್ನು.

ಹಾಸಲು ಹತ್ತಿಯ ಜಮಖಾನ ಚೆನ್ನ. ನವಲಗುಂದದ ಜಮಖಾನದ ಗಾಢ ಬಣ್ಣಗಳು ಈ ಕೆಂಪಿನ ಮೇಲೆ ಎಷ್ಟು ಒಪ್ಪುತ್ತವೆಂದರೆ ಬೇರೆ ಅಲಂಕಾರ ಬೇಡವೆನಿಸುತ್ತದೆ. ಚಾಪೆಯೂ ಸರಿ. ರಬ್ಬರ್ ತಳದ ಮ್ಯಾಟು ಮಾತ್ರ ಬೇಡ: ಅಡಿಯಲ್ಲಿ ತೇವ ಕಟ್ಟಿ, ರಬ್ಬರಿನ ಅಚ್ಚು ನೆಲಕ್ಕೆ ಶಾಶ್ವತವಾಗಿ ಉಳಿಯುತ್ತದೆ. ಕುರ್ಚಿ, ಮಂಚದ ಕಾಲಿಗೆ ಉಣ್ಣೆ ಬಟ್ಟೆಯ ಬಿಲ್ಲೆ ಅಂಟಿಸಿ. ಹೂಕುಂಡದ ಅಡಿಗೆ ತಟ್ಟೆ, ತಟ್ಟೆಯ ಅಡಿಗೆ ಮರದ ಹಲಗೆ ಇರಲಿ.

ದಿನದ ಆರೈಕೆ

ನೆಲವನ್ನು ಸವೆಸುವುದು ಚಪ್ಪಲಿಯಲ್ಲಿ ಬರುವ ಮರಳು. ಹೊಸ್ತಿಲ ಹೊರಗೆ ಒಂದು ಒರಟು ನಾರಿನ ಕಾಲೊರಸು ಹಾಕಿದರೆ ಅರ್ಧ ಸವಕಲು ತಪ್ಪಿತು. ದಿನವೂ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಬರೀ ನೀರಿನಲ್ಲಿ ಒರೆಸಿ. ವಾರಕ್ಕೊಮ್ಮೆ ಐದು ಲೀಟರ್ ನೀರಿಗೆ ಒಂದು ಮುಚ್ಚಳ ಸೌಮ್ಯ ಸೋಪು ಸಾಕು. ದಿನಾ ಫಿನಾಯಿಲ್ ಹಾಕಿದರೆ ಮೇಣ ಮೆತ್ತಗಾಗಿ ಮಂಕಾಗುತ್ತದೆ. ಹಬೆಯ ಮಾಪ್ ಅದನ್ನು ಕರಗಿಸಿಯೇ ಬಿಡುತ್ತದೆ. ಮನೆಗೆಲಸಕ್ಕೆ ಬರುವವರಿಗೆ ಇದನ್ನು ಮೊದಲ ದಿನವೇ ತಿಳಿಸಿ, ಟಾಯ್ಲೆಟ್ ಕ್ಲೀನರ್ ಬಾಟಲಿಯನ್ನು ಬಚ್ಚಲಿನಾಚೆ ತರದಂತೆ ಹೇಳಿ.

ನಿಂಬೆಯೋ ಹುಣಸೆಯೋ ಚೆಲ್ಲಿದರೆ ಆ ಕ್ಷಣವೇ ನೀರು ಹಾಕಿ ಒರೆಸಿ. ಮೇಣವಿದ್ದರೆ ಒಂದೆರಡು ನಿಮಿಷದ ಅವಕಾಶ ಸಿಗುತ್ತದೆ, ಇಲ್ಲದಿದ್ದರೆ ಅದೂ ಇಲ್ಲ.

ನಾಲ್ಕು ತಿಂಗಳಿಗೊಮ್ಮೆ ನೀರಿನ ಹನಿ ಪರೀಕ್ಷೆ ಮಾಡಿ. ಮೊದಲು ಸವೆಯುವುದು ಓಡಾಟದ ದಾರಿ: ಬಾಗಿಲಿನಿಂದ ಅಡುಗೆಮನೆಗೆ, ಸೋಫಾದ ಮುಂದೆ, ದೇವರ ಕೋಣೆಯ ಎದುರು. ಅಷ್ಟಕ್ಕೆ ಮಾತ್ರ ಮೇಣ ಹಚ್ಚಿ ತಿಕ್ಕಿ. ಗೋಡೆಯ ಅಂಚಿಗೆ, ಬೀರುವಿನ ಅಡಿಗೆ ಪ್ರತಿ ಸಲ ಹಚ್ಚುತ್ತ ಹೋದರೆ ಅಲ್ಲಿ ಸವೆಯದ ಮೇಣ ಪದರದ ಮೇಲೆ ಪದರವಾಗಿ ಹಳದಿಗಟ್ಟುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಎಲ್ಲವನ್ನೂ ಬಿಡಿಸಿ ಎರಡನೆಯ ಹಂತದಿಂದ ಮತ್ತೆ ಶುರುಮಾಡಿ. ಆಗ ಬಿರುಕಿನ ಕೆಲಸ ಇರುವುದಿಲ್ಲ, ಒಂದು ಭಾನುವಾರದಲ್ಲಿ ಬಿಡಿಸಿ ತೊಳೆದು, ಮುಂದಿನ ಭಾನುವಾರ ಮೇಣ ಹಚ್ಚಿದರೆ ಕೆಲಸ ಮುಗಿಯಿತು.